ಒಯ್ದ ಮಣ್ಣಿನ ಉತ್ತರ ಎಲ್ಲಿ?

ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಒಂದು ಹೊಲ. ಏಪ್ರಿಲ್ ತಿಂಗಳು, ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಎರಿ ಹೊಲದ ತಗ್ಗಿನ ಕಡೆ ಒಂದು ಎಕರೆಯಷ್ಟು ಜಾಗ ಯಾರೋ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿತ್ತು. ಹೊಲದ ಹಿರಿಯರು ಬಗ್ಗಿ ಎರಡು ಬೆರಳಲ್ಲಿ ಮೇಲಿನ ಪದರ ಎತ್ತಿದರು. ಹಪ್ಪಳದಂತೆ ಮುರಿಯಿತು. ಅದರಡಿಯ ಮಣ್ಣು ಆ ಬಿಸಿಲಲ್ಲೂ ತೇವ. ಚೂರು ನಾಲಿಗೆಗೆ ಹಚ್ಚಿ ಉಗುಳಿದರು. ಬದುವಿನ ಮೂಲೆಯಲ್ಲಿ ಅವರ ಅಜ್ಜ ತೋಡಿಸಿದ ಸೇದೋ ಬಾವಿ, ಅದರ ಕಟ್ಟೆಯ ಕಲ್ಲಿಗೂ ಅದೇ ಬಿಳಿ ಹತ್ತಿತ್ತು.

‘ಎಷ್ಟ್ ವರ್ಷ ಆತ್ರೀ ಕಾಕಾ, ಹಿಂಗಾಗಿ?’ ಎಂದೆ.

‘ನಮ್ಮಪ್ಪನ ಕಾಲದಾಗ ಇಲ್ಲಿ ಬಿಳಿಜೋಳ ಆಳೆತ್ತರ ನಿಲ್ತಿತ್ತು ತಮ್ಮಾ. ಕಾಲವಿ ಬಂತು. ಮ್ಯಾಲಿನವ್ರು ಭತ್ತ ಹಚ್ಚಿದ್ರು. ನಮಗ ನೀರು ಸರಿಯಾಗಿ ಬರಲಿಲ್ಲ, ಉಪ್ಪು ಮಾತ್ರ ಬಂತು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: ‘ಮಂದಿ ಬರ್ತಾರ. ಮಣ್ಣು ಚೀಲದಾಗ ತುಂಬ್ಕೊಂತಾರ, ಸರ್ವೆ ನಂಬರು ಬರ್ಕೊಂತಾರ, ಫೋಟೊ ತಗೋತಾರ. ಏನ್ ಬಂತು ಅಂತ ಹೇಳಾಕ ಒಬ್ರೂ ತಿರುಗಿ ಬಂದಿಲ್ಲ.’

ವಿಶ್ವವಿದ್ಯಾಲಯಗಳ ಜಂಟಿ ಸಂಶೋಧನೆ, ಸುಸ್ಥಿರ ಆಹಾರ, ಹವಾಮಾನಕ್ಕೆ ಒಗ್ಗುವ ಕೃಷಿ ಎಂಬ ಮಾತುಗಳನ್ನು ಎಲ್ಲಿ ಓದಿದರೂ ನನಗೆ ಆ ಚೀಲದ ಮಣ್ಣು ನೆನಪಾಗುತ್ತದೆ. ದೇಶ ದೇಶಗಳ ವಿಶ್ವವಿದ್ಯಾಲಯಗಳು ಕೈಜೋಡಿಸಿ ಮಾಡುವ ಸಂಶೋಧನೆ ನಮಗೆ ಬೇಡ ಎನ್ನುವವನು ನಾನಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಊಟದ ತಟ್ಟೆಯಲ್ಲೇ ಅದರ ಫಲ ಇದೆ. ಆದರೆ ಹೊಲದಿಂದ ಹೋದ ಪ್ರಶ್ನೆಗೆ ಉತ್ತರ ಅದೇ ಹೊಲಕ್ಕೆ ಮರಳುವ ದಾರಿಯನ್ನು ನಾವು ಇನ್ನೂ ಕಟ್ಟಿಲ್ಲ. ಈ ಕೆಲಸಕ್ಕೆ ಬರುತ್ತಿದ್ದ ಹೊರಗಿನ ಹಣ ಬತ್ತುತ್ತಿರುವ ಈ ಹೊತ್ತಿನಲ್ಲಿ ಆ ಕೊರತೆ ಇನ್ನಷ್ಟು ದುಬಾರಿಯಾಗಲಿದೆ.

ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಹುಟ್ಟಿದ್ದೇ ಇಂಥ ಸಹಯೋಗದಿಂದ. ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇದ್ದವು. 1960ರ ದಶಕದಲ್ಲಿ ಭಾರತ ಅದೇ ಮಾದರಿಯನ್ನು ತಂದುಕೊಂಡಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಟೆನ್ನೆಸ್ಸೀ ವಿಶ್ವವಿದ್ಯಾಲಯ ಬೆನ್ನಿಗಿತ್ತು. ಅದರಿಂದ 1986ರಲ್ಲಿ ಧಾರವಾಡ ಬೇರೆಯಾಯಿತು, ಧಾರವಾಡದಿಂದ 2008ರಲ್ಲಿ ರಾಯಚೂರು. ಈಗ ಬೀದರಿನಿಂದ ಬಳ್ಳಾರಿವರೆಗಿನ ಜಿಲ್ಲೆಗಳು ರಾಯಚೂರು ವಿಶ್ವವಿದ್ಯಾಲಯದ ವ್ಯಾಪ್ತಿ. ಭತ್ತಕ್ಕೆ ಮತ್ತು ಸವಳು, ಅಂದರೆ ಉಪ್ಪು ಹತ್ತಿದ ಭೂಮಿಗೆ ಗಂಗಾವತಿ ಕೇಂದ್ರ, ಒಣಬೇಸಾಯಕ್ಕೆ ಬಳ್ಳಾರಿ ಬಳಿಯ ಬ್ರಿಟಿಷರ ಕಾಲದ ಹಗರಿ ಕೇಂದ್ರ, ಜೊತೆಗೆ ಸಿರುಗುಪ್ಪ, ಧಡೇಸೂಗೂರು, ಲಿಂಗಸುಗೂರು. ಇವುಗಳ ಫಲಕಗಳನ್ನು ದಾರಿಯಲ್ಲಿ ನೋಡುತ್ತಲೇ ಬೆಳೆದವರು ನಾವು.

ಜಂಟಿ ಸಂಶೋಧನೆ ಎಲ್ಲಿ ಗೆದ್ದಿದೆ, ಎಲ್ಲಿ ನಿಂತಿದೆ ಎಂದು ನೋಡಲು ತುಂಗಭದ್ರಾ ಅಚ್ಚುಕಟ್ಟಿಗಿಂತ ಒಳ್ಳೆಯ ಜಾಗವಿಲ್ಲ. 1953ರಲ್ಲಿ ನೀರು ನಿಂತ ಈ ಅಣೆಕಟ್ಟೆಯ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿ.ಮೀ. ಹರಿಯುತ್ತದೆ. ಅದನ್ನು ಭತ್ತಕ್ಕಾಗಿ ಕಟ್ಟಲಿಲ್ಲ. ಬರಗಾಲದ ಸೀಮೆಗೆ ನೀರನ್ನು ತೆಳ್ಳಗೆ ಹರಡಿ ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆ ಉಳಿಸುವುದು ಮೂಲ ಲೆಕ್ಕ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಸರ್ಕಾರವೇ ಗೊತ್ತು ಮಾಡಿತ್ತು. ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರು ಕಾಲುವೆಯ ಮೇಲ್ಭಾಗದಲ್ಲಿ ಜಮೀನು ಕೊಂಡು, ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ನಾಟಿ ಮಾಡಿದರು. ಅವರನ್ನು ನೋಡಿ ಊರಿನವರೂ ಭತ್ತಕ್ಕೆ ತಿರುಗಿದರು. ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು. ಕೆಳಭಾಗದ ಮಾನ್ವಿ, ರಾಯಚೂರು ಕಡೆಯವರು ನೀರಿಗಾಗಿ ಪ್ರತಿ ವರ್ಷ ರಸ್ತೆ ತಡೆಗೆ ಕೂರುವಂತಾಯಿತು.

ಇದನ್ನು ಕಡತಗಳಲ್ಲಿ ‘ಬೆಳೆ ಪದ್ಧತಿ ಉಲ್ಲಂಘನೆ’ ಎಂದು ಬರೆದು ಕೈ ತೊಳೆದುಕೊಳ್ಳುವುದು ರೂಢಿ. 1990ರ ದಶಕದಲ್ಲಿ ನೆದರ್ಲೆಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಲುವೆಯ ಮೇಲೆ ವರ್ಷಗಟ್ಟಲೆ ಓಡಾಡಿ, ತೂಬು ತೂಬಿನ ಬಳಿ ನಿಂತು ನೋಡಿದರು. ರೈತನ ದುರಾಸೆ ಒಂದರಿಂದಲೇ ನೀರು ಮೇಲೆ ನಿಲ್ಲುತ್ತಿರಲಿಲ್ಲ. ತೂಬಿನ ಅಳತೆ, ಗೇಟಿನ ಬೀಗ, ಇಂಜಿನಿಯರಿಗೆ ಬರುವ ಫೋನು, ಶಾಸಕರ ಮನೆ ಮುಂದಿನ ಗುಂಪು ಎಲ್ಲವೂ ಸೇರಿ ದಿನವೂ ನೀರಿನ ಹಂಚಿಕೆಯನ್ನು ಹೊಸದಾಗಿ ತೀರ್ಮಾನಿಸುತ್ತಿದ್ದವು. ದೂರದ ಊರಿನ ವಿಶ್ವವಿದ್ಯಾಲಯವೊಂದು ನಮ್ಮ ಕಾಲುವೆಯನ್ನು ನಮಗಿಂತ ಕಿವಿಗೊಟ್ಟು ಕೇಳಿತು ಎನ್ನಲು ನನಗೆ ಸಂಕೋಚವಿಲ್ಲ. ಆ ಅಧ್ಯಯನ ಹೊರಬಂದದ್ದು ಇಂಗ್ಲಿಷಿನಲ್ಲಿ. ಕಾಲುವೆ ದಂಡೆಯ ಚಹಾದಂಗಡಿಯಲ್ಲಿ ಯಾರಾದರೂ ಅದನ್ನು ಓದಿ ಚರ್ಚಿಸಿದ್ದನ್ನು ನಾನು ಕಂಡಿಲ್ಲ.

ಸವಳಿನ ವಿಷಯದಲ್ಲಿ ಸಹಯೋಗ ಇನ್ನೂ ಮುಂದೆ ಹೋಯಿತು. ಸವಳು ಆಗುವುದು ಹೀಗೆ. ಎರಿ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಮೇಲಿನ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಬಸಿದು ತಗ್ಗಿಗೆ ಇಳಿಯುತ್ತದೆ. ತಗ್ಗಿನ ಹೊಲದ ಅಂತರ್ಜಲ ಬೇರಿನ ಮಟ್ಟಕ್ಕೇರುತ್ತದೆ. ಬೇಸಿಗೆಯಲ್ಲಿ ಆ ನೀರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಮಣ್ಣಿನ ಸಂದುಗಳಲ್ಲಿ ಮೇಲೇರಿ ಆವಿಯಾಗುತ್ತದೆ. ಜೊತೆಗೆ ಬಂದ ಉಪ್ಪು ಮೇಲೇ ಉಳಿಯುತ್ತದೆ. ಹತ್ತು ಬೇಸಿಗೆ ಹೀಗಾದರೆ ಬೀಜ ಮೊಳೆಯುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳು ಮತ್ತು ನೀರು ನಿಲ್ಲುವ ಜವಳಿಗೆ ಸಿಕ್ಕಿದೆ ಎಂಬುದು ಕೃಷಿ ವಿಜ್ಞಾನಿಗಳು ಹಲವು ಕಾಲದಿಂದ ಕೊಡುತ್ತಿರುವ ಲೆಕ್ಕ. ಅಂದರೆ ಸರಿಸುಮಾರು ನಾಲ್ಕು ಎಕರೆಯಲ್ಲಿ ಒಂದು ಎಕರೆ.

ಮದ್ದು ಗೊತ್ತಿದೆ. ಒಂದು ಮೀಟರ್ ಆಸುಪಾಸಿನ ಆಳದಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಪೈಪುಗಳನ್ನು ಸೋಸುಬಟ್ಟೆ ಸುತ್ತಿ ಸಾಲಾಗಿ ಹೂಳುವುದು, ಅವನ್ನೆಲ್ಲ ಒಂದು ದೊಡ್ಡ ಪೈಪಿಗೆ ಕೂಡಿಸಿ ಹಳ್ಳಕ್ಕೆ ಬಿಡುವುದು. ಮೇಲಿಂದ ಮಳೆ, ಕಾಲುವೆ ನೀರು ಇಳಿದಾಗ ಉಪ್ಪು ಕರಗಿ ಪೈಪು ಸೇರಿ ಹೊರಹೋಗುತ್ತದೆ. ಇದು ಒಳಬಸಿಗಾಲುವೆ. 1990ರ ದಶಕದ ಕೊನೆಯಲ್ಲಿ ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆ, ವಾಗನಿಂಗನ್‌ನ ತಜ್ಞರು ಮತ್ತು ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳು ಸೇರಿ ಇದನ್ನು ರೈತರ ಹೊಲಗಳಲ್ಲೇ ಹಾಕಿ ನೋಡಿದವು. ಕರ್ನಾಟಕದ ಪಾಲಿನ ಕೆಲಸ ನಡೆದದ್ದು ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ. ದೇಶದ ಬೇರೆ ಬೇರೆ ಕಾಲುವೆ ಪ್ರದೇಶಗಳ ಆ ಪ್ರಯೋಗಗಳಲ್ಲಿ ಸರಾಸರಿ ಇಳುವರಿ ಭತ್ತದಲ್ಲಿ ಶೇ 69, ಹತ್ತಿಯಲ್ಲಿ ಶೇ 64, ಕಬ್ಬಿನಲ್ಲಿ ಶೇ 54ರಷ್ಟು ಏರಿತು. ಮಣ್ಣಿನ ಉಪ್ಪು ಅರ್ಧಕ್ಕೆ ಇಳಿಯಿತು.

ಇಷ್ಟು ಚೆನ್ನಾಗಿ ಫಲ ಕೊಟ್ಟದ್ದು ನಮ್ಮ ಕಾಕಾನ ಹೊಲಕ್ಕೆ ಯಾಕೆ ಬರಲಿಲ್ಲ? ಒಬ್ಬನೇ ರೈತ ಇದನ್ನು ಮಾಡಿಕೊಳ್ಳಲಾರ, ಅದೇ ತೊಡಕು. ಅವನ ಹೊಲದ ನೀರು ಹಳ್ಳ ಮುಟ್ಟಬೇಕಾದರೆ ನಾಲ್ಕು ಜನರ ಹೊಲ ದಾಟಬೇಕು. ನಾಲ್ವರಲ್ಲಿ ಒಬ್ಬ ಬೇಡ ಎಂದರೆ ಅಲ್ಲಿಗೆ ನಿಂತಿತು. ಪೈಪು ಹೂಳಿದ ಮೇಲೂ ವರ್ಷಕ್ಕೊಮ್ಮೆ ಹೂಳು ತೆಗೆಯಬೇಕು, ಹಳ್ಳ ಕಟ್ಟಿಕೊಳ್ಳದಂತೆ ನೋಡಬೇಕು. ಅದಕ್ಕೆ ಸಂಘ ಬೇಕು, ಸಂಘಕ್ಕೆ ಹಣ ಬೇಕು, ಜಗಳ ಬಿಡಿಸಲು ಒಬ್ಬರು ಬೇಕು. ಆ ಪ್ರಯೋಗ ನಡೆಸಿದ ತಜ್ಞರೇ ತಂತ್ರಜ್ಞಾನ ಸಿದ್ಧವಿದೆ, ಅದನ್ನು ನಿಭಾಯಿಸುವ ವ್ಯವಸ್ಥೆ ಇಲ್ಲ ಎಂದು ಬರೆದಿಟ್ಟಿದ್ದಾರೆ. ಅಲ್ಲಿಂದ ಮುಂದೆ ಬೇಕಿದ್ದದ್ದು ಊರಿನ ಮನಸ್ಸುಗಳನ್ನು ಕೂಡಿಸುವ ವಿದ್ಯೆ. ಆದರೆ ಯೋಜನೆಯ ಅವಧಿ ಮುಗಿದಿತ್ತು, ತಜ್ಞರು ಬೇರೆ ಯೋಜನೆಗೆ ಹೋಗಿದ್ದರು.

ಕೂರಿಗೆ ಭತ್ತದ ಕತೆ ಇದಕ್ಕಿಂತ ಕೊಂಚ ನೆಮ್ಮದಿ ತರುತ್ತದೆ. ಸಸಿಮಡಿ ಇಲ್ಲ, ಕೆಸರು ಕಲೆಸುವುದಿಲ್ಲ, ನಾಟಿ ಇಲ್ಲ. ಜೂನ್ ಮಳೆಗೆ ಹದವಾದ ಹೊಲದಲ್ಲಿ ಜೋಳ ಬಿತ್ತಿದ ಹಾಗೆ ಭತ್ತವನ್ನೂ ಕೂರಿಗೆಯಿಂದ ಬಿತ್ತುವುದು. ಕಾಲುವೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈಯಲ್ಲಿ, ಕೆಳಭಾಗ ಮುಟ್ಟುವ ಹೊತ್ತಿಗೆ ಆಗಸ್ಟ್. ಕೂರಿಗೆಯಲ್ಲಿ ಬಿತ್ತಿದವನ ಪೈರು ಆ ಹೊತ್ತಿಗೆ ಗೇಣುದ್ದ ಎದ್ದಿರುತ್ತದೆ, ಕೊಯ್ಲೂ ವಾರ ಹತ್ತು ದಿನ ಮುಂಚೆ ಬರುತ್ತದೆ. ರಾಯಚೂರು ವಿಶ್ವವಿದ್ಯಾಲಯ ಇದನ್ನು ವರ್ಷಗಳಿಂದ ಹೇಳುತ್ತ ಬಂದಿದೆ. 2013ರಲ್ಲಿ ರಾಜ್ಯ ಸರ್ಕಾರದ ಭೂಸಮೃದ್ಧಿ ಯೋಜನೆಯಲ್ಲಿ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರಗಳು ನಮ್ಮ ವಿಶ್ವವಿದ್ಯಾಲಯಗಳ ಜೊತೆ ಕೂಡಿದಾಗ ಆರಿಸಿಕೊಂಡ ಮೊದಲ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕೂರಿಗೆ ಭತ್ತಕ್ಕೆ ಅಲ್ಲಿಂದಲೂ ಬಲ ಬಂತು. ನಿಂತ ನೀರಿನ ಗದ್ದೆಯಿಂದ ಏಳುವ ಮೀಥೇನ್ ಅನಿಲ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಹೊರಗಿನ ವಿಶ್ವವಿದ್ಯಾಲಯಗಳಿಗೂ ಇದರಲ್ಲಿ ಆಸಕ್ತಿ. ನಮ್ಮ ರೈತನಿಗೆ ಬೇಕಾದದ್ದು ನೀರು, ಜಗತ್ತಿಗೆ ಬೇಕಾದದ್ದು ತಂಪು. ಇಬ್ಬರ ಲೆಕ್ಕವೂ ಒಂದೇ ಹೊಲದಲ್ಲಿ ಕೂಡುವುದು ಅಪರೂಪ.

ತೊಡಕುಗಳೂ ಇವೆ. ನಿಂತ ನೀರು ಕಳೆಯನ್ನು ಹತ್ತಿಕ್ಕುತ್ತಿತ್ತು, ಅದಿಲ್ಲದಿದ್ದರೆ ಕಳೆ ಏಳುತ್ತದೆ. ಸುಣ್ಣದಂಶದ ಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದ ಎಳೆ ಪೈರು ಹಳದಿಯಾಗುತ್ತದೆ. ಇವಕ್ಕೆ ವಿಜ್ಞಾನಿಗಳ ಬಳಿ ಉತ್ತರವಿದೆ. ನಾಟಿ ಮಾಡುವ ಹೆಣ್ಣುಮಕ್ಕಳ ಪ್ರಶ್ನೆಗೆ ಮಾತ್ರ ಯಾರ ಬಳಿಯೂ ತಯಾರಾದ ಉತ್ತರವಿಲ್ಲ. ನಮ್ಮ ಕಡೆ ಹತ್ತು ಹದಿನೈದು ಮಂದಿ ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದು ನಾಟಿ ಮಾಡುತ್ತಾರೆ. ಮೊಣಕಾಲುದ್ದ ಕೆಸರಿನಲ್ಲಿ ಬೆನ್ನು ಬಾಗಿಸಿ ದುಡಿದ ಆ ಕೂಲಿಯಲ್ಲೇ ಶಾಲೆ ಶುರುವಾದಾಗ ಮಕ್ಕಳ ಬಟ್ಟೆ, ಪುಸ್ತಕ. ಕೂರಿಗೆ ಬಂದರೆ ಆ ಬೆನ್ನುನೋವು ತಪ್ಪುತ್ತದೆ, ಆ ಕೂಲಿಯೂ ತಪ್ಪುತ್ತದೆ. ಆಗ ಅವರು ಬೆಂಗಳೂರಿಗೆ ಗುಳೆ ಹೋಗಬೇಕೆ? ನೀರು ಎಷ್ಟು ಉಳಿಯಿತು, ಅನಿಲ ಎಷ್ಟು ಇಳಿಯಿತು ಎಂದು ಅಳೆಯುವ ತಂಡದಲ್ಲಿ ಕೂಲಿ ಎಷ್ಟು ಕಳೆಯಿತು ಎಂದು ಅಳೆಯುವ ಒಬ್ಬರಾದರೂ ಇರಲೇಬೇಕು. ಸುಸ್ಥಿರ ಎಂಬ ಮಾತಿನಲ್ಲಿ ಈ ಮನೆಗಳ ಒಲೆಯೂ ಸೇರಬೇಕು ಎಂದು ನಾನು ನಂಬುತ್ತೇನೆ.

ಹೊರಗಿನ ಹಣದ ವಿಷಯ ಮೆಕ್ಕೆಜೋಳದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉಷ್ಣತೆ 35 ಡಿಗ್ರಿ ದಾಟಿದಂತೆ ಮೆಕ್ಕೆಜೋಳದ ಸೂಲಂಗಿಯ ಪರಾಗ ಸಾಯತೊಡಗುತ್ತದೆ, ತೆನೆ ಕಟ್ಟಿದರೂ ಕಾಳು ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ. 2012ರಲ್ಲಿ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಕೇಂದ್ರ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ, ದಕ್ಷಿಣ ಏಷ್ಯಾದ ಹಲವು ಸಂಸ್ಥೆಗಳು ಮತ್ತು ಬೀಜ ಕಂಪನಿಗಳು ಸೇರಿ ಬಿಸಿಲು ತಾಳುವ ತಳಿಗಳ ಹುಡುಕಾಟ ಶುರು ಮಾಡಿದವು. ಹಣ ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕದ ಯುಎಸ್‌ಏಡ್ ಸಂಸ್ಥೆಯದು. ಬೇರೆಯವರು ಗಾಜಿನ ಮನೆ ಕಟ್ಟಿ ಬಿಸಿಲು ತಯಾರಿಸಬೇಕಾದಲ್ಲಿ ರಾಯಚೂರಿಗೆ ಅದು ದೇವರು ಕೊಟ್ಟ ಪ್ರಯೋಗಾಲಯ. ನಾವು ಶಾಪ ಹಾಕುವ ಏಪ್ರಿಲ್, ಮೇ ಬಿಸಿಲಿನಲ್ಲೇ ಸಾವಿರಾರು ಗಿಡಗಳನ್ನು ನಿಲ್ಲಿಸಿ ಯಾವುದು ಉಳಿಯುತ್ತದೆ ಎಂದು ನೋಡಿದರು. ಆ ಕೆಲಸದಿಂದ ರಾಯಚೂರು ವಿಶ್ವವಿದ್ಯಾಲಯದ ಹೆಸರಿನಲ್ಲೇ ಆರ್‌ಸಿಆರ್‌ಎಂಎಚ್-2 ಎಂಬ ಸಂಕರಣ ತಳಿ ಬಂತು. ನಮ್ಮ ಬಿಸಿಲಲ್ಲಿ ಹುಟ್ಟಿದ ಬೀಜ ನಮ್ಮದೇ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಉಳಿದದ್ದು ದೊಡ್ಡ ಸಂಗತಿ.

ಆ ಹಣ ಕೊಡುತ್ತಿದ್ದ ಸಂಸ್ಥೆ ಈಗಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ 1ರಿಂದ ಯುಎಸ್‌ಏಡ್ ಕೆಲಸವೇ ನಿಂತಿತು. ಅದರ ನೆರವಿನಿಂದ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿದ್ದ ಕೃಷಿ ಸಂಶೋಧನಾ ಕೇಂದ್ರಗಳಿಗೆ ಕೆಲಸ ನಿಲ್ಲಿಸಿ ಎಂಬ ಆದೇಶ ಹೋಯಿತು. ಇಲಿನಾಯ್ ವಿಶ್ವವಿದ್ಯಾಲಯದ ಸೋಯಾಬೀನ್ ಕೇಂದ್ರ ಏಪ್ರಿಲ್‌ನಲ್ಲೇ ಮುಚ್ಚುವ ಹಂತಕ್ಕೆ ಬಂತು. ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಜೋಳ, ಸಜ್ಜೆಯಂಥ ಧಾನ್ಯಗಳ ಮೇಲೆ ನಡೆಯುತ್ತಿದ್ದ ಕೆಲಸಕ್ಕೂ ಪೆಟ್ಟು ಬಿತ್ತು. ಜೋಳದ ರೊಟ್ಟಿ ತಿನ್ನುವ ನಮಗೆ ಇದು ದೂರದ ಸುದ್ದಿ ಅನ್ನಿಸಬಾರದು. ಆಫ್ರಿಕಾದ ಹೊಲದಲ್ಲಿ ಸಿಗುವ ರೋಗನಿರೋಧಕ ಗುಣ ಹತ್ತು ವರ್ಷದಲ್ಲಿ ಸಿಂಧನೂರಿನ ಜೋಳಕ್ಕೂ ಬರಬಹುದಿತ್ತು. ಬೀಜದ ದಾರಿಗಳು ಹಾಗೆಯೇ ಸುತ್ತಿಬಳಸಿ ಇರುತ್ತವೆ.

ತೊಗರಿಯನ್ನೇ ನೋಡಿ. ಸೊರಗು ರೋಗಕ್ಕೆ ಇಡೀ ಹೊಲಗಳು ಒಣಗುತ್ತಿದ್ದ ಕಾಲದಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಒಣನಾಡಿನ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಬೇಕೆಂದೇ ರೋಗ ತುಂಬಿದ ತಾಕು ಇಟ್ಟುಕೊಂಡು ಸಾವಿರಾರು ತಳಿಗಳನ್ನು ಅದರಲ್ಲಿ ಬಿತ್ತಿತು. ಉಳಿದುಕೊಂಡವುಗಳಲ್ಲಿ ಒಂದನ್ನು 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಮಾಡಲಾಯಿತು. ಮಾರುತಿ ತೊಗರಿಯ ಬೇಳೆ ತಿನ್ನದ ಮನೆ ನಮ್ಮ ಸೀಮೆಯಲ್ಲಿ ಇರಲಿಕ್ಕಿಲ್ಲ. ಅದು ಉಳಿದದ್ದಕ್ಕೆ ಕಾರಣ ಸರಳ: ಬೀಜ ರೈತನ ಮನೆಯ ಗಡಿಗೆಯಲ್ಲೇ ಉಳಿಯುತ್ತಿತ್ತು, ಯೋಜನೆ ಮುಗಿದರೂ ಬೀಜ ಮುಗಿಯುತ್ತಿರಲಿಲ್ಲ. ಮಣ್ಣಿನ ಆರೋಗ್ಯಕ್ಕಾಗಿ ರಾಜ್ಯ ಸರ್ಕಾರ ತಂದ ಭೂಚೇತನದಲ್ಲಿ ಹಾಗಾಗಲಿಲ್ಲ. 2009ರಲ್ಲಿ ಶುರುವಾದ ಆ ಯೋಜನೆಯಲ್ಲಿ ಇಕ್ರಿಸ್ಯಾಟ್ ಮತ್ತು ಕೃಷಿ ವಿಶ್ವವಿದ್ಯಾಲಯಗಳು ರಾಜ್ಯದ 90 ಸಾವಿರಕ್ಕೂ ಹೆಚ್ಚು ಮಣ್ಣಿನ ಮಾದರಿ ಪರೀಕ್ಷಿಸಿ ಗಂಧಕ, ಸತು, ಬೋರಾನ್ ಕೊರತೆಯನ್ನು ಕಂಡುಹಿಡಿದವು. ಊರೂರಿಗೆ ‘ರೈತ ಅನುವುಗಾರ’ರನ್ನು ನೇಮಿಸಿ ಆ ಉತ್ತರವನ್ನು ಹೊಲದ ಬದುವಿಗೇ ತಲುಪಿಸುವ ಏರ್ಪಾಡು ಮಾಡಿದ್ದು ಅದರ ನಿಜವಾದ ಜಾಣತನ. ಯೋಜನೆ ಮುಗಿದಾಗ ಮೊದಲು ಕಳಚಿದ್ದು ಆ ಕೊಂಡಿಯೇ.

ಹತ್ತಿರದ ಇನ್ನೊಂದು ಉದಾಹರಣೆ ನನಗೆ ಭರವಸೆ ಕೊಡುತ್ತದೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲೆ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ದೊಡ್ಡ ಗದ್ದಲವಾಯಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗಿನ ಮಕ್ಕಳನ್ನೂ ತೂಗಿ ನೋಡಿತು. ಮೊಟ್ಟೆ ತಿಂದವರ ತೂಕ ಹೆಚ್ಚು ಏರಿತ್ತು. 2022ರಲ್ಲಿ ಮೊಟ್ಟೆ ಇಡೀ ರಾಜ್ಯದ ಶಾಲೆಗಳಿಗೆ ಬಂತು. ತಕ್ಕಡಿ ಸಣ್ಣದು, ಪ್ರಶ್ನೆ ನೇರ, ಉತ್ತರ ತಿಂಗಳುಗಳಲ್ಲೇ ತಟ್ಟೆಗೆ ಬಂತು.

ನನ್ನ ದೃಷ್ಟಿಯಲ್ಲಿ ಇನ್ನು ಮುಂದಿನ ಜಂಟಿ ಸಂಶೋಧನೆಗೆ ಒಪ್ಪಂದ ಬರೆಯುವಾಗಲೇ ‘ಮುಗಿದ ಮೇಲೆ ಯಾರು?’ ಎಂಬುದಕ್ಕೆ ಹೆಸರು ಮತ್ತು ಹಣ ಎರಡೂ ಇರಬೇಕು. ಪ್ರಬಂಧ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರಲಿ, ಸಂತೋಷ. ಮಣ್ಣು ಕೊಟ್ಟವನಿಗೆ ಅದರ ಫಲಿತಾಂಶ ಕನ್ನಡದಲ್ಲಿ, ಅವನ ಸರ್ವೆ ನಂಬರಿನ ಸಮೇತ ತಲುಪದೆ ಯೋಜನೆ ಪೂರ್ಣವಾಯಿತು ಎಂದು ಸಹಿ ಆಗಬಾರದು. ಕೃಷಿ ಸಂಶೋಧನೆಗೆ ನಮ್ಮ ದೇಶದ ಸರ್ಕಾರಗಳು ಖರ್ಚು ಮಾಡುವುದು ಕೃಷಿ ಉತ್ಪನ್ನದ ಮೌಲ್ಯದಲ್ಲಿ ಅರ್ಧ ಪ್ರತಿಶತಕ್ಕಿಂತ ಕಡಿಮೆ. ಹೊರಗಿನ ಹಣ ಹೋಯಿತೆಂದು ಕೊರಗುವ ಬದಲು ಸಂವಿಧಾನದ 371ಜೆ ವಿಧಿಯ ಬಲದಿಂದ ಈ ಭಾಗಕ್ಕೆ ಬರುವ ಅಭಿವೃದ್ಧಿ ಹಣದಲ್ಲಿ ಒಂದು ಪಾಲನ್ನು ರಸ್ತೆ, ಕಟ್ಟಡಗಳ ಪಕ್ಕದಲ್ಲಿ ಮಣ್ಣಿಗೂ ಎತ್ತಿಡಬೇಕು. ಖಾಲಿ ಬಿದ್ದ ವಿಜ್ಞಾನಿಗಳ ಹುದ್ದೆ ತುಂಬಬೇಕು. ಹುದ್ದೆಯೇ ಖಾಲಿ ಇರುವಾಗ ಯಾವ ದೇಶದ ವಿಶ್ವವಿದ್ಯಾಲಯ ಬಂದರೂ ಅವರ ಜೊತೆ ಹೆಗಲು ಕೊಡಲು ಇಲ್ಲಿ ಯಾರಿರುತ್ತಾರೆ?

ತುರ್ತಾಗಿ ಕೈಹಾಕಬೇಕಾದ ಒಂದು ಕೆಲಸವೂ ಇದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಯಿತು. 33 ಗೇಟ್‌ಗಳ ಬಲದ ಬಗ್ಗೆಯೇ ಅನುಮಾನ ಬಂದು 2025ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸಲಿಲ್ಲ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ ಆಗಲೇ 105ರ ಆಸುಪಾಸಿಗೆ ಇಳಿದಿತ್ತು. ಹೊಸ ಗೇಟ್ ಕೂರಿಸುವ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ರೈತರಿಗೆ ಇದು ದೊಡ್ಡ ಹೊಡೆತ, ಪರಿಹಾರದ ಬೇಡಿಕೆ ನ್ಯಾಯವಾದದ್ದು. ಅದೇ ಹೊತ್ತಿಗೆ, ಯಾವ ವಿಜ್ಞಾನಿ ಕೇಳಿದ್ದರೂ ಯಾವ ಸರ್ಕಾರವೂ ಅನುಮತಿ ಕೊಡದಂಥ ಪ್ರಯೋಗ ತಾನಾಗಿ ಒದಗಿದೆ: ಲಕ್ಷಾಂತರ ಎಕರೆಯಲ್ಲಿ ಬೇಸಿಗೆ ಭತ್ತ ಇಲ್ಲದ ಒಂದು ವರ್ಷ. ಅಂತರ್ಜಲ ಎಷ್ಟು ಇಳಿಯುತ್ತದೆ, ಉಪ್ಪು ಏರುತ್ತದೋ ನಿಲ್ಲುತ್ತದೋ, ನೀರಿಲ್ಲದೆ ಕಡಲೆ, ಜೋಳ ಹಾಕಿದವರ ಕೈಗೆ ಎಷ್ಟು ಬರುತ್ತದೆ, ಕೂಲಿಯವರು ಎಲ್ಲಿಗೆ ಹೋಗುತ್ತಾರೆ, ಇದನ್ನೆಲ್ಲ ಮೇಲ್ಭಾಗದಿಂದ ಕೊನೆಯ ತೂಬಿನವರೆಗೆ ಅಳೆದು ಬರೆದಿಡಬೇಕು. ಗಂಗಾವತಿಯ ಮಣ್ಣು ವಿಜ್ಞಾನಿಗಳು, ನೀರಾವರಿ ಇಲಾಖೆ, ಬಳ್ಳಾರಿ, ರಾಯಚೂರಿನ ವಿಶ್ವವಿದ್ಯಾಲಯಗಳ ಸಮಾಜವಿಜ್ಞಾನದ ವಿದ್ಯಾರ್ಥಿಗಳು ಇದಕ್ಕೆ ಸಾಕು. ವಾಗನಿಂಗನ್‌ನವರು ಬಂದರೆ ಇನ್ನೂ ಒಳ್ಳೆಯದು, ಅವರ ಬಳಿ ಮೂವತ್ತು ವರ್ಷದ ಹಿಂದಿನ ಲೆಕ್ಕ ಇದೆ.

ಅಳೆಯುವುದು ನಮ್ಮವರಿಗೆ ಹೊಸದೂ ಅಲ್ಲ. ಅಂದು ಹೊರಡುವ ಮುಂಚೆ ಕಾಕಾ ಬಾವಿಕಟ್ಟೆಗೆ ಕರೆದೊಯ್ದು ಕೊಡಕ್ಕೆ ಕಟ್ಟಿದ ಹಗ್ಗ ತೋರಿಸಿದರು. ಅದರಲ್ಲಿ ಅಲ್ಲಲ್ಲಿ ಗಂಟು. ‘ಇದು ಕಾಲವಿ ತುಂಬಿದಾಗ. ಇದು ದೀಪಾವಳಿಗೆ. ಕಾಲವಿ ಬಂದ್ ಆದ್ರ ಮೂರು ಮೊಳ ಇಳೀತದ, ಇಲ್ಲಿಗೆ ಬರ್ತದ.’ ಕೊನೆಯ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. ಎಷ್ಟು ವರ್ಷದಿಂದ ಈ ಲೆಕ್ಕ ಎಂದು ಕೇಳಿದೆ. ‘ಹಗ್ಗ ಬದಲಾಗ್ಯಾವು, ಗಂಟು ಅವೇ ಅದಾವು’ ಅಂದರು. ಮಣ್ಣು ಒಯ್ದವರಿಗೆ ಇದನ್ನು ತೋರಿಸಿದ್ದೀರಾ ಎಂದರೆ, ‘ಅವ್ರು ಕೇಳಲಿಲ್ಲ’ ಎಂದು ಹಗ್ಗವನ್ನು ಮತ್ತೆ ಸುರುಳಿ ಸುತ್ತಿ ಗಾಲಿಯ ಕೊಕ್ಕೆಗೆ ಹಾಕಿದರು.